ಮಗಳ ಕೈಗೆ ಕೊಟ್ಟ ತಿಂಗಳು

ಬೆಳಿಗ್ಗೆ ಪಕ್ಕದ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದರು. ಆ ವಾಸನೆ ಕಿಟಕಿ ದಾಟಿ ಬಂದರೆ ಚಳ್ಳಕೆರೆಯಲ್ಲಿ ಯಾರಿಗೂ ಕೆಲಸ ಸಾಗುವುದಿಲ್ಲ. ನನಗಂತೂ ಮಗಳು ಸವಿತಾ ದಾವಣಗೆರೆಯ ಕಾಲೇಜಿಗೆ ಹೊರಡುವ ಮುಂಚಿನ ಬೇಸಿಗೆ ನೆನಪಾಗುತ್ತದೆ.

ನಾನೇನು ಹಣಕಾಸಿನಲ್ಲಿ ಜಾಣೆಯಲ್ಲ. ಬೇಳೆ ಡಬ್ಬಿಯಲ್ಲಿ ನೋಟು ಅಡಗಿಸಿಟ್ಟು, ಆಮೇಲೆ ಯಾವ ಡಬ್ಬಿಯೆಂದು ಮರೆಯುವವಳು. ಆದರೂ ಹಾಸ್ಟೆಲ್ಲಿನಲ್ಲಿ ಅವಳೊಬ್ಬಳೇ ನಿಭಾಯಿಸಬೇಕಲ್ಲ ಎಂದು ಒಂದು ತಿಂಗಳ ಮನೆಖರ್ಚಿನ ದುಡ್ಡನ್ನು ಅವಳ ಕೈಗಿಟ್ಟೆ.

“ತರಕಾರಿ, ಹಾಲು, ನಿನ್ನ ಕಂಪ್ಯೂಟರ್ ಕ್ಲಾಸಿನ ಆಟೋ, ಎಲ್ಲಾ ಇದ್ರಾಗೇ. ನಾನು ಬಾಯಿ ಹಾಕಲ್ಲ.”

“ನೀನು? ಬಾಯಿ ಹಾಕ್ದೇ ಇರ್ತೀಯಾ?” ಎಂದು ನಕ್ಕಳು.

ಮೊದಲ ವಾರ ಮನೆಯಲ್ಲಿ ಹಬ್ಬ. ಅಪ್ಪನ ಹೊಲಿಗೆ ಬಿಟ್ಟ ಚಪ್ಪಲಿ ನೋಡಲಾರದೆ ಹೊಸ ಜೊತೆ ತಂದಳು. ಸಂತೆಯಿಂದ ಬುಟ್ಟಿ ತುಂಬ ಮಾವಿನಹಣ್ಣು ಬಂತು. ತಿನ್ನುವಾಗ ನಮ್ಮಲ್ಲಿ ಯಾರೂ ಬುದ್ಧಿ ಹೇಳಲಿಲ್ಲ, ನೋಡಿ. ತಿಂಗಳ ಕೊನೆಗೆ ದಿನವೂ ರೊಟ್ಟಿ, ಶೇಂಗಾ ಚಟ್ನಿ. ಹುಡುಗಿ ಕಲಿತಳು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಆಗ ಒಂದು ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ನನ್ನಣ್ಣ ಬಂದ. ನೀರು ಕುಡಿದು ಚೊಂಬು ಕೆಳಗಿಟ್ಟು ಕೇಳಿದ: “ಬಸ್ಸಿನ ಕಿಟಕಿಯಿಂದ ನೋಡ್ದೆ. ಸವಿತಾ ಈ ಬಿಸ್ಲಾಗೆ ನಡ್ಕಂಡು ಬರ್ತಾ ಅವ್ಳೆ. ಆಟೋಕ್ಕೆ ಕೊಟ್ಟಿಲ್ಲೇನಮ್ಮ?”

ಮುಖ ಕೆಂಪಾಗಿ ಬಂದವಳನ್ನು ಕೂರಿಸಿ ಕೇಳಿದೆ.

“ದುಡ್ಡು ಯಾವಾಗ ಮುಗೀತು?”

“ಹೋದ ವಾರ.”

“ನನ್ನ ಕೇಳ್ಬಾರ್ದಾ?”

“ಕೇಳಿದ್ರೆ, ಇವ್ಳ ಕೈಲಿ ಆಗಲ್ಲ ಅಂತ ನೀನು ಕಾಲೇಜಿಗೇ ಕಳ್ಸಲ್ಲ ಅನ್ಕಂಡೆ, ಅವ್ವ.”

ನಾನು ಪಾಠ ಎಂದುಕೊಂಡದ್ದನ್ನು ಮಗಳು ಪರೀಕ್ಷೆ ಎಂದುಕೊಂಡಿದ್ದಳು. ಸುಡುತ್ತಿದ್ದ ಅವಳ ಅಂಗಾಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹೇಳಿದೆ: “ಕಳ್ಸೇ ಕಳ್ಸ್ತೀನಿ. ಆದ್ರೆ ಅಲ್ಲಿ ದುಡ್ಡು ಮುಗಿದ್ರೆ ಹಸ್ಕಂಡು ಇರ್ಬಾರ್ದು. ನಂಗೆ ಹೇಳ್ಬೇಕು.” ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಕಾಲೇಜು ಸೇರಿದ ಮೇಲೆ ಅವಳು ಏನನ್ನೂ ಕೇಳಲಿಲ್ಲ. ಉಳಿದವರು ಮೆಚ್ಚಿಕೊಂಡರು; ನನಗೆ ಮಾತ್ರ ಅಳುಕು.

ಇವತ್ತು ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ಫೋನ್ ಬಂತು.

“ಅವ್ವ, ಈ ತಿಂಗ್ಳು ಸಾಲಲ್ಲ. ರೂಮಿನ ಹುಡುಗಿಗೆ ಜ್ವರ ಬಂದಿತ್ತು, ಆಸ್ಪತ್ರೆಗೆ ನಾನೇ ಕೊಟ್ಟೆ. ಸ್ವಲ್ಪ ಕಳ್ಸು. ಅವ್ಳು ವಾಪಸ್ ಕೊಟ್ರೆ, ಮುಂದಿನ ತಿಂಗ್ಳು ನಂಗೆ ಕಡ್ಮೆ ಕಳ್ಸಿದ್ರೆ ಸಾಕು.”

ದನಿಯಲ್ಲಿ ಅಂಜಿಕೆ ಇರಲಿಲ್ಲ. ಹೇಗೆ ಎಂದು ಪಕ್ಕದ ಮನೆಯ ಹುಡುಗಿಯನ್ನು ಕೇಳಿಕೊಂಡು, ಫೋನಿನಲ್ಲೇ ದುಡ್ಡು ಕಳಿಸಿದೆ.

“ಏನಂತೆ?” ಎಂದರು ಇವರು.

“ದುಡ್ಡು ಕೇಳಿದ್ಲು.”

“ಅದಕ್ಕೆ ಇಷ್ಟು ಖುಷಿನಾ?”

ಹೂಂ ಎಂದೆ.