ಎರಡು ಫುಲ್ ಚಾ

ಶಿಕಾರಿಪುರ ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್ ಬೆನಕಪ್ಪನಿಗೆ ಐವತ್ತೆರಡನೇ ವಯಸ್ಸಿನಲ್ಲಿ ದುಡ್ಡು ಬಂತು. ದುಡಿದದ್ದಲ್ಲ ಮಾರಾಯ್ರೆ! ಹುರುಳಿಯೂ ನೆಟ್ಟಗೆ ಬೆಳೆಯದ ಅಪ್ಪನ ಕಲ್ಲುಹೊಲ ಲೇಔಟ್‌ನವರ ಕಣ್ಣಿಗೆ ಬಿದ್ದಿತ್ತು. ಆದರೂ ಎಲ್ಲ ತನ್ನದೇ ಜಾಣತನ ಎಂಬ ಗತ್ತಿನಲ್ಲಿ ಓಡಾಡಿದೆನಲ್ಲ ಎಂದು ಈಗ ಅವನೇ ಹಣೆ ಚಚ್ಚಿಕೊಳ್ಳುತ್ತಾನೆ. ಕಾರನ್ನೂ ಕೊಂಡ, ಓಡಿಸಲು ಬರುತ್ತಿರಲಿಲ್ಲ. ಹತ್ತು ವರ್ಷ ಮಾತು ಬಿಟ್ಟಿದ್ದ ಹೆಂಡತಿಯ ತಮ್ಮ ಸಂಗಮೇಶ್ ದಿನಾ ಫೋನು ಮಾಡಿ "ಭಾವ, ತಿಂಡಿ ಆತಾ?" ಎನ್ನತೊಡಗಿದ. ತನ್ನ ತಿಂಡಿಗೆ ಇಷ್ಟು ಕಿಮ್ಮತ್ತಿದೆಯೆಂದು ಬೆನಕಪ್ಪನಿಗೆ ಗೊತ್ತೇ ಇರಲಿಲ್ಲ.

ಇದೆಲ್ಲ ಇರಲಿ. ಅವನು ಕಳೆದುಕೊಂಡದ್ದು ಲೋಕಪ್ಪನನ್ನು.

ಲೋಕಪ್ಪ ಬೆನಕಪ್ಪನ ಅಂಗಡಿಯಲ್ಲೇ ಕಾಜ ಹೊಲಿದು ಗುಂಡಿ ಹಚ್ಚುವವನು. ಇಪ್ಪತ್ತು ವರ್ಷ ದಿನಾ ನಾಲ್ಕು ಗಂಟೆಗೆ ಇಬ್ಬರಿಗೂ ಎದುರಿನ ಹೋಟೆಲಿನಲ್ಲಿ ಬೈಟು ಚಾ. ಒಂದೇ ಚಾ, ಎರಡು ಲೋಟಕ್ಕೆ. ಒಂದು ದಿನ ಇವನ ಕಾಸು, ಮರುದಿನ ಅವನದು. "ಲೇ ಬೆನಕ, ನಿನ್ ಲೋಟದಾಗೆ ಜಾಸ್ತಿ ಐತಲ್ಲಲೇ!" ಎಂಬ ಜಗಳ ಮಾತ್ರ ಪುಕ್ಕಟೆ.

ದುಡ್ಡು ಬಂದ ವಾರದಲ್ಲೇ ಬೆನಕಪ್ಪ ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ: "ಇನ್ಮ್ಯಾಲೆ ಬೈಟು ಗೀಟು ಬ್ಯಾಡ, ಎರಡು ಫುಲ್ ಕೊಡ್ರಿ! ದಿನಾ ನಾನೇ ಕೊಡ್ತೀನಿ!"

ಅವತ್ತು ಲೋಕಪ್ಪನ ಸರದಿ. ಅವನು ಜೇಬಿನಿಂದ ಕೈ ಹೊರತೆಗೆದು, ಅರ್ಧ ಕುಡಿದು ಲೋಟ ಕೆಳಗಿಟ್ಟ. "ನಂಗೆ ಇಷ್ಟು ಸಾಕ್ರಿ, ಬೆನಕಪ್ಪನೋರೆ."

ಆ ಬಹುವಚನಕ್ಕೆ ಬೆನಕಪ್ಪ ಉಬ್ಬಿಹೋದ. ಮರ್ಯಾದೆ ಅಂದುಕೊಂಡ, ದಡ್ಡ! ಸೋಮವಾರ ಲೋಕಪ್ಪ ಹೇಳದೆ ಕೇಳದೆ ಸೊರಬದ ಟೇಲರೊಬ್ಬನ ಅಂಗಡಿಗೆ ಸೇರಿಬಿಟ್ಟಿದ್ದ.

ಒಂದೂವರೆ ತಿಂಗಳು ಹೇಗೋ ತಡೆದ ಬೆನಕಪ್ಪ ಕೊನೆಗೆ ಸೊರಬದ ಬಸ್ಸು ಹತ್ತಿದ. ಲೋಕಪ್ಪ ಸೂಜಿ ಕೆಳಗಿಟ್ಟು "ಬರ್ರಿ, ಚಾ ಕುಡಿಯಾಣು" ಎಂದ. ಹೋಟೆಲಿನಲ್ಲಿ ತಾನೇ ಮುಂದಾಗಿ "ಅಕ್ಕಾರೆ, ಎರಡು ಫುಲ್. ರೊಕ್ಕ ನಂದು" ಎಂದ. ಅದರ ಬದಲು ಎರಡು ಏಟು ಹಾಕಿದ್ದರೆ ಬೆನಕಪ್ಪನಿಗೆ ಹಾಯಾಗಿರುತ್ತಿತ್ತು.

"ಅವತ್ತು ನಿನ್ನ ಸರದಿ ಇತ್ತು ಲೋಕ. ನಾನು ಕಿತ್ಕೊಂಡೆ. ತಪ್ಪಾತು."

ಲೋಕಪ್ಪ ತನ್ನ ಲೋಟ ಎತ್ತಿಕೊಂಡ. ಇಬ್ಬರೂ ತಲೆ ತಗ್ಗಿಸಿ ಚಾ ಕುಡಿದರು.

ಲೋಟ ಎತ್ತಲು ಬಂದ ಹೋಟೆಲಿನಾಕೆ ನಿಂತೇಬಿಟ್ಟಳು. ಎರಡರಲ್ಲೂ ಅರ್ಧರ್ಧ ಹಾಗೇ ಇತ್ತು. "ಅಯ್ಯೋ, ಇಷ್ಟೇ ಕುಡಿಯೋರು ಬೈಟು ಹೇಳದಲ್ವಾ?"

ಲೋಕಪ್ಪ ಲೋಟಗಳನ್ನು ನೋಡಿದ, ಬೆನಕಪ್ಪನನ್ನು ನೋಡಿದ. ತಡೆದರೂ ನಗು ಉಕ್ಕಿಬಂತು.

"ಲೇ ಬೆನಕ, ಅಷ್ಟು ರೊಕ್ಕ ಬಂದ್ರೂ ಹೊಟ್ಟಿ ಬೆಳಿಲಿಲ್ಲೇನಲೇ ನಿಂದು?"

ಬೆನಕಪ್ಪನ ಕಣ್ಣು ತುಂಬಿತು. ಅರ್ಧ ಚಾಕ್ಕೆ ದಿನಾ ಸೊರಬದ ತನಕ ಬಸ್ಸಿನಲ್ಲಿ ಬರುವ ಸಾಹುಕಾರ ತಾಲ್ಲೂಕಿಗೆಲ್ಲ ತಾನೊಬ್ಬನೇ ಆಗುತ್ತೇನೆಂದು ಗೊತ್ತಿದ್ದೂ ಹೇಳಿದ:

"ನಾಳೆ ನನ್ ಸರದಿ ಕಣಲೇ."