ಹೊನ್ನೂರಪ್ಪ ಬಾಯಿ ಮುಚ್ಚಿದ ತಿಂಗಳು

ಬಳ್ಳಾರಿ ಬಸ್ ಸ್ಟ್ಯಾಂಡಿನ ಹೊರಗೆ ಕ್ರೂಸರ್ ಗಾಡಿಗಳು ನಿಲ್ಲುವ ಮೂಲೆಯಲ್ಲಿ ಹೊನ್ನೂರಪ್ಪನ ಧ್ವನಿ ಕೇಳದವರಿಲ್ಲ. "ಕುರುಗೋಡು ಕುರುಗೋಡು ಕುರುಗೋಡೂ! ಸಿರುಗುಪ್ಪಾ ಸಿರುಗುಪ್ಪಾ, ಬರ್ರಿ ಬರ್ರಿ!" ಮೀಸೆ ಮೂಡುವ ಮುಂಚಿನಿಂದ ಇದೇ ಅವನ ಕಸುಬು. ಜನರನ್ನು ಕೂಗಿ ಕರೆದು ಗಾಡಿ ತುಂಬಿಸುವುದು, ತುಂಬಿದ ಮೇಲೆ ಅದರ ಮೈಗೆ ಎರಡು ಬಡಿದು "ರೈಟ್" ಅನ್ನುವುದು. ತಾನು ಕೂಗದಿದ್ದರೆ ಎರಡು ತಾಲೂಕಿನ ಜನ ಬಳ್ಳಾರಿಯಲ್ಲೇ ಉಳಿದುಬಿಡುತ್ತಾರೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಅಂಥವನ ಗಂಟಲಲ್ಲಿ ಗಂಟಾಯಿತು. ಡಾಕ್ಟರು ಅದನ್ನು ತೆಗೆದು, ಕೆಟ್ಟದ್ದೇನಲ್ಲ ಎಂದರು. "ಆದರೆ ಒಂದು ತಿಂಗಳು ಮಾತಾಡಬಾರದು. ಪಿಸುಮಾತೂ ಕೂಡದು. ಆಡಿದಿರೋ, ಧ್ವನಿ ಹೋದದ್ದು ಹೋದದ್ದೇ." ಹೊನ್ನೂರಪ್ಪ "ಹೂಂ" ಅನ್ನಲು ಹೋದ. ಹೆಂಡತಿ ದಾಕ್ಷಾಯಣಮ್ಮ ತಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ನಾ ನೋಡ್ಕೊಂತೀನಿ ಬಿಡ್ರಿ ಸಾರ್," ಎಂದಳು. ಅವಳ ಮುಖದಲ್ಲಿ ಚಿಂತೆಯ ಜೊತೆಗೆ ಸ್ವಲ್ಪ ಹಬ್ಬದ ಕಳೆಯೂ ಇದ್ದಂತೆ ಅವನಿಗೆ ಕಂಡಿತು.

ಅನುಮಾನ ಸುಳ್ಳಾಗಲಿಲ್ಲ. ಮದುವೆಯಾದಾಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ದಾಕ್ಷಾಯಣಮ್ಮ ಹೊರಗೆ ತೆಗೆದಳು. ಅವಳ ತಮ್ಮನ ಮದುವೆಯಲ್ಲಿ ಇವನು ಮುಖ ಊದಿಸಿಕೊಂಡು ಕೂತದ್ದು, ಅದಕ್ಕೂ ಹಿಂದೆ ಬದನೆಕಾಯಿ ಪಲ್ಯಕ್ಕೆ ಹೆಸರಿಟ್ಟದ್ದು. ಪ್ರತಿಯೊಂದಕ್ಕೂ ಹೊನ್ನೂರಪ್ಪನ ಹತ್ತಿರ ತಕ್ಕ ಉತ್ತರವಿತ್ತು. ಉತ್ತರ ಕೊಡುವ ಬಾಯಿ ಇರಲಿಲ್ಲ. ಉತ್ತರ ಕೊಡದೆ ಕೇಳುತ್ತ ಕೂತಾಗ ಒಂದು ವಿಚಿತ್ರ ಗೊತ್ತಾಯಿತು: ಹೆಚ್ಚಿನ ಕಡೆ ತಪ್ಪು ಅವನದೇ ಇತ್ತು. ಇಂಥ ಜ್ಞಾನೋದಯ ತಡೆಯಲಾರದೆ ಅವನು ವಾರ ತುಂಬುವ ಮೊದಲೇ ಬಸ್ ಸ್ಟ್ಯಾಂಡಿಗೆ ಓಡಿದ.

ಕುರುಗೋಡಿನ ಗಾಡಿ ಮುಬಶೀರನದು. ಗಾಡಿಗೆ ಅವನೇ ಮಾಲೀಕ, ಅವನೇ ಡ್ರೈವರ್. "ಬರ್ರಿ ಮಾಮಾ, ಸುಮ್ನ ಕುಂದರ್ರಿ," ಎಂದು ಸಮಾಧಾನ ಹೇಳಿದ. "ಧ್ವನಿ ಬರ್ಲಿಲ್ಲಂದ್ರ ಒಂದು ಸ್ಪೀಕರ್ ತರ್ತೀನಿ. ರೆಕಾರ್ಡ್ ಹಾಕಿಬಿಟ್ರ ತಾನ ಒದರ್ತೈತಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಹೊನ್ನೂರಪ್ಪನ ಎದೆಗೆ ಮಾತ್ರ ಕಲ್ಲು ಬಿದ್ದಂತಾಯಿತು. ಬೇರೆ ಕೆಲಸ ಅವನು ಕಲಿತಿರಲಿಲ್ಲ. ಧ್ವನಿ ಹೋದರೆ ಉಳಿಯುವುದು ಒಂದು ಮೀಸೆ ಮತ್ತು ಹೆಗಲ ಮೇಲಿನ ಟವಲ್. ಅವೆರಡರಿಂದ ಗಾಡಿ ತುಂಬುವುದಿಲ್ಲ.

ಬಾಯಿ ಇಲ್ಲದಿದ್ದರೇನಂತೆ, ಕೈ ಇದೆಯಲ್ಲ ಎಂದು ಸನ್ನೆ ಶುರುಮಾಡಿದ. ಕುರುಗೋಡು ಅಂದರೆ ಅಲ್ಲಿಯ ಗುಡಿಯ ದೊಡ್ಡಬಸವಣ್ಣ, ಅದಕ್ಕೆ ತಲೆಯ ಮೇಲೆ ಎರಡು ಬೆರಳಿಟ್ಟು ಕೊಂಬು ತೋರಿಸಿದ. ಸಿರುಗುಪ್ಪ ಅಂದರೆ ಭತ್ತ, ಅದಕ್ಕೆ ಐದು ಬೆರಳು ಕೂಡಿಸಿ ಬಾಯಿಗೆ ತುತ್ತಿಟ್ಟು ತೋರಿಸಿದ. ಎಂಥ ತಲೆ ನನ್ನದು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕೊಂಬು ಕಂಡ ಒಬ್ಬ ಹೆಂಗಸು "ಯಾರಿಗಲೇ ಕೋಣ ಅಂತೀ?" ಎಂದು ಚಪ್ಪಲಿಗೆ ಕೈ ಹಾಕಿದಳು. ತುತ್ತಿನ ಸನ್ನೆಗೆ ಆದದ್ದು ಇನ್ನೂ ಮಜ. ಸಿರುಗುಪ್ಪ ಕಡೆಯ ರಾರಾವಿಗೆ ಹೊರಟಿದ್ದ ಮುದುಕರೊಬ್ಬರು ನಿಂತು ನೋಡಿ, ಕಣ್ಣು ಒದ್ದೆ ಮಾಡಿಕೊಂಡು, ಅವನ ಕೈಗೆ ಎರಡು ಬಾಳೆಹಣ್ಣಿಟ್ಟರು. "ಪಾಪ, ಹಸಿವಿಗೆ ಮಾತ ನಿಂತಾವ." ಇನ್ನೊಬ್ಬರು ಮಂಡಕ್ಕಿ ಕೊಟ್ಟರು. ಸಂಜೆಯ ಹೊತ್ತಿಗೆ ಸಿರುಗುಪ್ಪದ ಗಾಡಿ ಅರ್ಧ ತುಂಬಿತ್ತು, ಹೊನ್ನೂರಪ್ಪನ ಹೊಟ್ಟೆ ಪೂರ್ತಿ ತುಂಬಿತ್ತು.

ಗಂಟಲಿನ ವಿಷಯ ಜನರಿಗೆ ತಿಳಿದ ಮೇಲೂ ತಿನಿಸು ನಿಲ್ಲಲಿಲ್ಲ. ಕುರುಗೋಡಿನಿಂದ ದಿನಾ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಖಾತೂನ್ ಬೆಳಿಗ್ಗೆ ಡಬ್ಬಿಯಲ್ಲಿ ಮೆತ್ತಗಿನ ಗಂಜಿ ತರತೊಡಗಿದಳು. ಸಿರಿಗೇರಿಯವರೊಬ್ಬರು ಜೇನು ತಂದರು. ಕೊಟ್ಟವರು ಹಾಗೇ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಸೊಸೆಯ ಸುದ್ದಿ, ಮಂಡಿನೋವು, ಮಗಳ ಪರೀಕ್ಷೆ ಎಲ್ಲ ಹೇಳುತ್ತಿದ್ದರು. ಇಷ್ಟು ವರ್ಷ ಅವನು ಇವರನ್ನೆಲ್ಲ ಸೀಟು ಎಂದೇ ಎಣಿಸಿದ್ದ. ಅವನಿಗೆ ನಾಚಿಕೆಯಾಯಿತು. ಖುಷಿಯೂ ಆಯಿತು.

ಆದರೆ ಅವನು ಕೂಗದಿದ್ದರೂ ಈಗ ಗಾಡಿಗಳು ದಿನಾ ತುಂಬಿಯೇ ಹೋಗುತ್ತಿದ್ದವು. ತನ್ನ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದುಕೊಂಡ ಮುದುಕಿಯ ಕಥೆ ಅವನಿಗೆ ನೆನಪಾಯಿತು. ಆ ಮುದುಕಿಗೆ ಕೋಳಿಯಾದರೂ ಇತ್ತು. ಇಲ್ಲಿ ಕೋಳಿಯೂ ತಾನೇ, ಮುದುಕಿಯೂ ತಾನೇ ಎಂದು ನಕ್ಕ. ನಕ್ಕರೂ ಒಳಗೆ ಚುರುಕ್ ಎಂದಿತು.

ತಿಂಗಳು ಮುಗಿಯಲು ಸ್ವಲ್ಪ ದಿನ ಇರುವಾಗ, ಒಂದು ಸಂಜೆ ಕುರುಗೋಡಿನ ಕೊನೆಯ ಗಾಡಿ ಹೊರಡುವುದರಲ್ಲಿತ್ತು. ಖಾತೂನ್ ಬಂದಿರಲಿಲ್ಲ. ಮುಬಶೀರ್ ಗೇರ್ ಹಾಕಿದಾಗ ಅವಳು ರಸ್ತೆಯ ಆಚೆ, ಆಟೋಗಳ ನಡುವೆ ಸಿಕ್ಕಿಕೊಂಡದ್ದು ಹೊನ್ನೂರಪ್ಪನಿಗೆ ಕಂಡಿತು. ಗಾಡಿ ಹೋಗೇಬಿಟ್ಟಿತೆಂದು ಅವಳು ವಾಪಸ್ ತಿರುಗುತ್ತಿದ್ದಳು. ಅವನ ಎದೆ ಉಬ್ಬಿತು, ಬಾಯಿ ತೆರೆಯಿತು.

"ಏ, ಬಾಯಿ ಮುಚ್ಚಪಾ ಹೊನ್ನೂರಪ್ಪಾ!" ಗಾಡಿಯೊಳಗಿದ್ದವರೆಲ್ಲ ಒಟ್ಟಿಗೆ ಕಿರುಚಿದರು. ಆಮೇಲೆ ಕಿಟಕಿಗಳಿಂದ ತಲೆ ಹೊರಹಾಕಿ, ಹುಡುಗಿಯರಿಂದ ಹಿಡಿದು ಅಜ್ಜಿಯರವರೆಗೆ, "ಕುರುಗೋಡು ಕುರುಗೋಡು ಕುರುಗೋಡೂ!" ಎಂದು ಅವನದೇ ರಾಗದಲ್ಲಿ ಕೂಗಿದರು. ಖಾತೂನ್ ಓಡಿಬಂದಳು.

"ನೀ ಕೂಗಿ ಕರೀತಿ ಅಂತ ನಾವು ಬರ್ತಿದ್ದಿಲ್ಲಣ್ಣ," ಎಂದಳು ಏದುಸಿರು ಬಿಡುತ್ತ. "ನಾವು ಹೆಂಗೂ ಮನಿಗೆ ಹೋಗಾಕ ಬೇಕು. ದೂರದಿಂದ ನಿನ್ನ ಧ್ವನಿ ಕೇಳಿದ್ರ, ಗಾಡಿ ಇನ್ನೂ ಐತಿ ಅಂತ ಜೀವ ತಣ್ಣಗಾಗ್ತಿತ್ತು. ಅಷ್ಟ." ಅಂದು ಅವನು ಟವಲ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಇನ್ನು ಮಾತಾಡಬಹುದು, ಆದರೆ ಕೂಗುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ದಾಕ್ಷಾಯಣಮ್ಮನೂ ಅವನ ಜೊತೆಗೆ ಬಸ್ ಸ್ಟ್ಯಾಂಡಿಗೆ ಬಂದಳು. ಗಾಡಿ ತುಂಬಿತ್ತು, ಆದರೆ ಮುಬಶೀರ್ ಹೊರಡಲು ಒಪ್ಪಲಿಲ್ಲ. "ನೀವು ಕರೀರಿ ಮಾಮಾ, ಆಮ್ಯಾಲ ಬಿಡ್ತೀನಿ."

ಹೊನ್ನೂರಪ್ಪ ಮೀಸೆ ಸರಿಮಾಡಿಕೊಂಡ. ಕೋಟೆ ಗುಡ್ಡ ಮಾರ್ದನಿ ಕೊಡುವ ಹಾಗೆ ಶುರುಮಾಡಬೇಕೆಂದು ತಿಂಗಳಿಡೀ ಕನಸು ಕಂಡಿದ್ದ. "ಕುರುಗೋಡು," ಎಂದ. ಬಾಗಿಲ ಸಂದಿಯಲ್ಲಿ ಸಿಕ್ಕ ಬೆಕ್ಕಿನ ಮರಿಯ ಧ್ವನಿ ಬಂತು. ಪಕ್ಕದ ಹಣ್ಣಿನ ಬಂಡಿಯವನಿಗೂ ಕೇಳಿಸಲಿಲ್ಲ. ಅವನ ಮುಖ ಸಪ್ಪಗಾಯಿತು.

"ಇಷ್ಟ ಬಂತು," ಎಂದ ಕಿಟಕಿಗೆ ಒರಗಿ, ಖಾತೂನಳ ಕಡೆ ನೋಡಲಾರದೆ.

"ಸಾಕಲ್ಲಣ್ಣ," ಎಂದಳು ಅವಳು ಕಿಟಕಿಯಿಂದ. "ನಾವೆಲ್ಲ ಒಳಗ ಅದೀವಿ."

ಹೊನ್ನೂರಪ್ಪ ಗಾಡಿಯ ಮೈಗೆ ಎರಡು ಬಡಿದ. "ರೈಟ್" ಎಂದದ್ದು ಪಕ್ಕದಲ್ಲಿ ನಿಂತಿದ್ದ ದಾಕ್ಷಾಯಣಮ್ಮನಿಗೆ ಮಾತ್ರ ಕೇಳಿಸಿತು.