ಚಿಕ್ಕಮ್ಮ ಹುಬ್ಬು ಎತ್ತಿಸಿಕೊಂಡಿದ್ದು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿರುವವಳು. ಕಲಿಯುವವರ ಪಕ್ಕದ ಸೀಟು, ಕಾಲಡಿ ಎರಡನೇ ಬ್ರೇಕು, ಇದೇ ಅವಳ ಆಫೀಸು. ಮನಸ್ಸು ಬೆಣ್ಣೆ. ಆದರೆ ಐವತ್ತು ದಾಟುವಷ್ಟರಲ್ಲಿ ಹಣೆ ಜಾರಿ, ಹುಬ್ಬುಗಳು ಕಣ್ಣಿನ ಮೇಲೇ ಬಂದು ಕೂತು, ಮುಖ ಸದಾ ಗಂಟಿಕ್ಕಿದಂತೆ ಕಾಣುತ್ತಿತ್ತು. ಒಂದು ದಿನ ಹೊಸ ಹುಡುಗಿಯೊಬ್ಬಳು ನಡುರಸ್ತೆಯಲ್ಲಿ ಎಂಜಿನ್ ಆಫ್ ಮಾಡಿಕೊಂಡು, ಇವಳ ಮುಖ ನೋಡಿ ಅತ್ತೇಬಿಟ್ಟಳು.

"ಬೈಬೇಡಿ ಮೇಡಂ!"

ಚಿಕ್ಕಮ್ಮ ಬಾಯಿ ತೆರೆದೇ ಇರಲಿಲ್ಲ.

ಮರುವಾರ ಪ್ಲಾಸ್ಟಿಕ್ ಸರ್ಜನ್ ಮುಂದೆ ಹೋಗಿ ಕೂತಳು. ಜೊತೆಗೆ ನಾನು.

"ಏನೇನು ಕೆಡಬಹುದು, ಅದನ್ನ ಮೊದಲು ಹೇಳಿ," ಎಂದಳು ಚಿಕ್ಕಮ್ಮ.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಕೂದಲೊಳಗೆ ಸಣ್ಣದಾಗಿ ಕೊಯ್ದು ಹಣೆಯನ್ನು ಮೇಲೆತ್ತುವುದು. ಬಾವು ಎರಡು ವಾರ, ನೆತ್ತಿ ಜೋಮು ಕೆಲವು ತಿಂಗಳು. ರಕ್ತ ಕಟ್ಟಬಹುದು, ಸೋಂಕಾಗಬಹುದು, ಗಾಯದ ಬಳಿ ಕೂದಲು ಉದುರಬಹುದು. ಅಪರೂಪಕ್ಕೆ ನರಕ್ಕೆ ಪೆಟ್ಟಾಗಿ ಒಂದು ಹುಬ್ಬು ಏಳದೇ ಹೋಗಬಹುದು.

"ಎಷ್ಟು ವರ್ಷ ಬಾಳಿಕೆ ಬರುತ್ತೆ?"

"ಎಂಟು, ಹತ್ತು ಅಂದ್ಕೊಳ್ಳಿ. ಎಲ್ಲರಿಗೂ ಒಂದೇ ಥರ ಅಲ್ಲ. ವಯಸ್ಸು ನಿಲ್ಲಲ್ಲವಲ್ಲಮ್ಮ."

ಆಮೇಲೆ ಬಿಪಿ ನೋಡಿ, "ಇದು ಇಳಿಯೋವರೆಗೂ ನಾನು ಕೈ ಹಾಕಲ್ಲ" ಎಂದರು. ಚಿಕ್ಕಮ್ಮನಿಗೆ ಸಿಟ್ಟು ಬಂದಿತ್ತಂತೆ. ಮುಖ ನೋಡಿದರೆ ಗೊತ್ತಾಗಲಿಲ್ಲ.

ಮೂರು ತಿಂಗಳು ಉಪ್ಪು ಕಡಿಮೆ ಮಾಡಿ, ಮಾತ್ರೆ ನುಂಗಿ, ಬೆಳಗ್ಗೆ ನಡೆದು ಬಿಪಿ ಇಳಿಸಿದಳು. "ಹಣೆಬರಹ ತಿದ್ದೋಕೆ ಹೊರಟಿದ್ದೀಯಾ?" ಎಂದರು ಅವಳ ಅತ್ತೆ.

"ಬರಹ ಹಾಗೇ ಇರ್ಲಿ ಅತ್ತೆ, ಹಾಳೆ ಮಾತ್ರ ಸ್ವಲ್ಪ ಎಳೆಸ್ಕೋತೀನಿ."

ಆಪರೇಷನ್ ಸುಸೂತ್ರವಾಯಿತು. ಎರಡು ವಾರ ಸ್ಟಿಯರಿಂಗ್ ಮುಟ್ಟುವಂತಿರಲಿಲ್ಲ. ಊರಿಗೆಲ್ಲ ಕಲಿಸಿದವಳು ಗಂಡನಿಗೆ ಕಲಿಸಿ ಸುಸ್ತಾಗಿದ್ದಳು. ಈಗ ಆಸ್ಪತ್ರೆಗೆ ಹೋಗಿಬರಲು ಚಿಕ್ಕಪ್ಪನೇ ಗತಿ. ತಲೆಗೆ ಪಟ್ಟಿ, ಕಣ್ಣ ಸುತ್ತ ನೀಲಿ. ಗದರುವಂತೆ ಹುಬ್ಬು ಗಂಟಿಕ್ಕಲು ನೋಡಿದರೆ ಹಣೆ ಮಾತು ಕೇಳದು. ಸಿಗ್ನಲ್ಲಿನಲ್ಲಿ ಚಿಕ್ಕಪ್ಪ ಅವಳತ್ತ ತಿರುಗಿ, "ನಿನ್ನ ಪಕ್ಕ ಭಯ ಇಲ್ದೆ ಓಡಿಸ್ತಿರೋದು ಇದೇ ಮೊದಲು ಕಣೇ" ಎಂದ. ಹಣೆ ಎಳೆದು ನೋಯುತ್ತಿದ್ದರೂ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಜೋಮು ಬಿಡಲು ಏಳು ತಿಂಗಳು ಬೇಕಾಯಿತು. "ಯಾರದೋ ತಲೆ ಬಾಚಿದ ಹಾಗಾಗುತ್ತೆ" ಎನ್ನುತ್ತಿದ್ದಳು. ಕಾರಿನಲ್ಲಿ ಮಾತ್ರ ಹೊಸ ಕಷ್ಟ: ಕಲಿಯಲು ಬಂದವರು ಸಲಿಗೆಯಿಂದ ಮನೆಕಥೆಯೆಲ್ಲ ಬಿಚ್ಚತೊಡಗಿದರು. "ಮೊದಲು ರಸ್ತೆ ನೋಡ್ರಮ್ಮಾ" ಎಂದು ಗೋಗರೆಯಬೇಕಾಯಿತು.

ಈಗ ಒಂಬತ್ತು ವರ್ಷವಾಗಿದೆ. ಹುಬ್ಬುಗಳು ಮೆಲ್ಲಗೆ ಇಳಿಯುತ್ತಿವೆ, ಎಡಗಡೆಯದು ಒಂದು ಕೂದಲೆಳೆ ಹೆಚ್ಚು. ಮತ್ತೆ ಮಾಡಿಸ್ಕೋತೀಯಾ ಎಂದು ಕೇಳಿದೆ.

"ಸಾಕು ಬಿಡೇ. ಮಾಡಿಸ್ಕೊಂಡಿದ್ದಕ್ಕೂ ಬೇಜಾರಿಲ್ಲ, ಇಳೀತಿರೋದಕ್ಕೂ ಇಲ್ಲ," ಎಂದವಳೇ, ಹತ್ತು ಗಂಟೆಯ ಕ್ಲಾಸಿಗೆ ಹೊತ್ತಾಯಿತೆಂದು ಕಾರಿನ ಕೀ ಹುಡುಕುತ್ತಾ ಎದ್ದಳು.